ಬಂಡಿದಾರಿಯ ತಂತಿ

ಹೆಬ್ಬಳ್ಳಿಯ ರತ್ನವ್ವ ‘ತಪ್ಪಾಯಿತು’ ಅಂದದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಎಂಟು ಎಕರೆ ಎರೆಹೊಲವನ್ನು ಒಬ್ಬಳೇ ಉಳಿಸಿಕೊಂಡದ್ದು ಹಟದಿಂದ. ಇಲ್ಲದಿದ್ದರೆ ಮೈದುನರು ಎಂದೋ ನುಂಗಿ ನೀರು ಕುಡಿಯುತ್ತಿದ್ದರು. ಆದರೆ ಹಟಕ್ಕೂ ಎಲ್ಲಿ ನಿಲ್ಲಬೇಕೆಂದು ತಿಳಿಯಬೇಕಲ್ಲ. ಪಕ್ಕದ ಹೊಲದ ರಾಜಶೇಖರನ ಬಂಡಿದಾರಿ ತನ್ನ ಹೊಲದೊಳಗೆ ಬಂದಿದೆ ಎಂಬುದು ಅವಳ ತಕರಾರು. ದಾರಿ ಮುಚ್ಚುವುದಿಲ್ಲವೆಂದು ಮಠದಲ್ಲಿ ಹಿರಿಯರ ಮುಂದೆ ವಿಭೂತಿ ಮುಟ್ಟಿ ಹೇಳಿ ಬಂದಳು. ವಾರ ಕಳೆದಿರಲಿಲ್ಲ, ಮಳೆ ಹಿಡಿದು ಹೊಲದ ಕಡೆ ಯಾರೂ ಸುಳಿಯದ ದಿನ, ತಿರುವಿನಲ್ಲಿ ದಾರಿಗಡ್ಡ ಮುಳ್ಳುತಂತಿ ಬಿಗಿದಳು.

ಮರುದಿನ ಹಳ್ಳ ಉಕ್ಕಿತು. ರಾಜಶೇಖರ ಹುಬ್ಬಳ್ಳಿಯಲ್ಲಿ ಸಿಕ್ಕಿಬಿದ್ದಿದ್ದ. ಅವನ ಹೆಂಡತಿ ಭಾಗ್ಯಶ್ರೀ ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಹೊಲದ ಮನೆಯ ಮಾಳಿಗೆ ಏರಿದ್ದಳು. ಗೋಡೆಗಳೋ ಬರೀ ಮಣ್ಣಿನವು. ಬೆಳಗಾವಿಯಿಂದ ಸೈನಿಕರು ರಬ್ಬರ್ ದೋಣಿ ತಂದಾಗ ಊರವರು ತೋರಿಸಿದ್ದು ಅದೇ ಬಂಡಿದಾರಿಯನ್ನು. ಉಳಿದೆಡೆ ಸೆಳವು ಜೋರಾಗಿತ್ತು.

ದಡದಲ್ಲಿ ನಿಂತಿದ್ದ ರತ್ನವ್ವನಿಗೆ ತಾನು ಬಿಗಿದ ತಂತಿ ನೆನಪಾಯಿತು. ಮುಳ್ಳು ತಾಗಿದರೆ ದೋಣಿ ಹರಿಯುತ್ತದೆ, ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ದಾರಿ ತೋರಿಸುತ್ತೇನೆಂದು ಹಟ ಹಿಡಿದು ತಾನೂ ದೋಣಿ ಹತ್ತಿದಳು.

ತಿರುವು ಬಂತು. ನೀರಿನ ಮೇಲೆ ಏನೂ ಕಾಣುತ್ತಿರಲಿಲ್ಲ.

‘ನಿಲ್ಲಸ್ರಿ. ಇಲ್ಲೆ ನೀರೊಳಗ ತಂತಿ ಐತಿ.’

ನಡೆಯುವ ದಾರಿಗೆ ತಂತಿ ಕಟ್ಟಿದವರು ಯಾರೆಂದು ದೋಣಿಯಲ್ಲಿದ್ದ ಗರಗ ಊರಿನ ಸೈನಿಕ ತನ್ವೀರ ಕೇಳಿದ. ಅವಳು ಮಾಳಿಗೆಯತ್ತ ನೋಡುತ್ತ ಕುಳಿತಳು. ಅವನು ಎದೆಮಟ್ಟದ ನೀರಿಗಿಳಿದು, ತಡಕಾಡಿ ತಂತಿ ಕತ್ತರಿಸಿದ. ಅಂಗೈ ಸೀಳಿ ರಕ್ತ ಸುರಿಯಿತು. ಅಷ್ಟರಲ್ಲಿ ಮನೆಯ ಹಿಂದಿನ ಗೋಡೆ ಕುಸಿದು ಮಾಳಿಗೆ ಒಂದು ಕಡೆ ವಾಲಿತು. ದೋಣಿ ಹೋಗಿ ತಾಗಿದ್ದೇ ತಡ, ಸೈನಿಕರು ತಾಯಿ-ಮಗಳಿಬ್ಬರನ್ನೂ ಒಳಗೆ ಎಳೆದುಕೊಂಡರು.

ಭಾಗ್ಯಶ್ರೀ ರತ್ನವ್ವನ ಎರಡೂ ಕೈ ಹಿಡಿದುಕೊಂಡಳು. ನೀರು ಏರುವ ಮುಂಚೆಯೇ ಕೂಸನ್ನು ಎತ್ತಿಕೊಂಡು ಊರ ಕಡೆ ಹೊರಟಿದ್ದಳಂತೆ. ತಿರುವಿನಲ್ಲಿ ತಂತಿ ದಾಟಲಾಗದೆ, ಪಕ್ಕದ ಕೆಸರಿನಲ್ಲಿ ಕಾಲು ಹೂತು ಹಿಂದಿರುಗಿದಳಂತೆ.

‘ನೀವು ಬರಲಿಲ್ಲಂದ್ರ ನಾವು ಉಳೀತಿದ್ದಿಲ್ಲರಿ, ದೊಡ್ಡವ್ವಾರ.’

ವಿಭೂತಿ ಮುಟ್ಟಿ ಮಾತು ಕೊಟ್ಟವಳ ಮೇಲೆ ಯಾರಿಗೂ ಸಂಶಯವಿರಲಿಲ್ಲ; ಸುಮ್ಮನಿದ್ದರೆ ಊರೆಲ್ಲ ಅವಳನ್ನು ಹೊಗಳುತ್ತಿತ್ತು. ಆದರೆ ಆ ಕೂಸಿನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

‘ತಂತಿ ಕಟ್ಟಿದಾಕಿ ನಾನಽ ಯವ್ವಾ. ತಪ್ಪಾತು.’

ಭಾಗ್ಯಶ್ರೀ ಹಿಡಿದ ಕೈ ಬಿಟ್ಟಳು. ಮಗಳನ್ನು ಎದೆಗವಚಿಕೊಂಡು ದೋಣಿಯ ಆಚೆ ಅಂಚಿಗೆ ಸರಿದಳು. ದೋಣಿ ದಡ ಮುಟ್ಟಿತು. ತನ್ವೀರ ಮೊದಲು ಕೂಸನ್ನು ಇಳಿಸಿದ, ಆಮೇಲೆ ತಾಯಿಯನ್ನು. ಕೊನೆಗೆ ಅದೇ ಸೀಳಿದ ಕೈಯನ್ನು ರತ್ನವ್ವನಿಗೂ ಚಾಚಿದ.