ತೋಳು ತೊಟ್ಟ ಬಾಟಲಿ

ಬೀದಿಯವರಿಗೆಲ್ಲ ಅವಳು ಕಾಜಮ್ಮ. ಅಂಗಿಯಲ್ಲಿ ಗುಂಡಿ ತೂರಿಸಲು ಸೀಳಿದ ತೂತಿನ ಸುತ್ತ ಒತ್ತೊತ್ತಾಗಿ ನೂಲಿನ ಅಂಚು ಕಟ್ಟುವುದಕ್ಕೆ ದರ್ಜಿಗಳು ಕಾಜಾ ಎನ್ನುತ್ತಾರೆ. ಚಿಕ್ಕಮ್ಮನ ಮಗ್ಗುಲಲ್ಲಿ ಕೂತು ಆ ಕೆಲಸ ಕಲಿತಾಗ ಅವಳ ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿರಲಿಲ್ಲ. ಶಾಲೆ ಮೂರನೇ ಕ್ಲಾಸಿಗೆ ಮುಗಿಯಿತು, ಕಾಜಾ ಮುಗಿಯಲಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅವಳು ಮೊದಲು ಹುಡುಕಿದ್ದು ಒಲೆಯನ್ನಲ್ಲ, ಬೆಳಕು ಬರುವ ಕಿಟಕಿಯನ್ನು. ಅದರ ಕೆಳಗೆ ಚಾಪೆ ಹಾಸಿ ಕೂತವಳು ಮಗ ಹುಟ್ಟಿ, ಬೆಳೆದು, ಅವನಿಗೆ ಮದುವೆಯಾಗುವ ತನಕ ಅಲ್ಲಿಂದ ಎದ್ದಳೋ ಇಲ್ಲವೋ ಎನ್ನುವ ಹಾಗೆ ಕೂತಿದ್ದಳು. ದರ್ಜಿಗಳು ಅಂಗಿಗಳ ಗಂಟು ತಂದು ಹಾಕುವುದು, ಇವಳು ಕಾಜಾ ಮಾಡಿ, ಗುಂಡಿ ಕಟ್ಟಿ, ಹಲ್ಲಿನಲ್ಲಿ ನೂಲು ಕಡಿದು ಮಡಿಸಿಡುವುದು. ಊರಿನ ಅರ್ಧ ಗಂಡಸರ ಎದೆ ಮುಚ್ಚಿದವಳು ತಾನೇ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಗಂಡ ಬಸ್ ಡಿಪೋದಲ್ಲಿ ಫಿಟ್ಟರ್. ಅವರ ಪ್ಯಾಂಟಿನ ಜೇಬಿನಲ್ಲಿ ಕರವಸ್ತ್ರ ಇರದಿದ್ದರೂ ಒಂದು ಸುತ್ತು ಕಟ್ಟುತಂತಿ ಇರುತ್ತಿತ್ತು. ಅದಕ್ಕೇ ಡಿಪೋದವರು ತಂತಿ ಮೇಸ್ತ್ರಿ ಎಂದರು, ಬೀದಿಯವರೂ ಹಾಗೇ ಅಂದರು. ಒಗೆಯುವ ಮುಂಚೆ ಪ್ಯಾಂಟಿನ ಜೇಬಿಗೆ ಕೈ ಹಾಕಿ ತಂತಿ ತೆಗೆಯುವುದು ಕಾಜಮ್ಮನಿಗೆ ರೂಢಿಯಾಗಿಬಿಟ್ಟಿತ್ತು. ಮರೆತರೆ ಬಟ್ಟೆಯೂ ಹರಿಯಿತು, ಬೆರಳೂ ಗೀರಿತು.

ಮೇಸ್ತ್ರಿ ಮನೆಯಲ್ಲಿ ಏನನ್ನೂ ಬಿಸಾಡಗೊಡುತ್ತಿರಲಿಲ್ಲ. ಮುರಿದ ಛತ್ರಿಯ ಕಡ್ಡಿಗಳು ಬಚ್ಚಲುಮನೆಯಲ್ಲಿ ಟವೆಲ್ ಒಣಹಾಕುವ ಸಾಲಾದವು. ಹಳೇ ಸೈಕಲ್ಲಿನ ಬೆಲ್ಲು ಬೀದಿಬಾಗಿಲಿಗೆ ಬಂತು. ಕೆಟ್ಟ ರೇಡಿಯೋದ ಏರಿಯಲ್ ಕಡ್ಡಿ ಅಟ್ಟದ ಮೇಲಿನ ಡಬ್ಬಿ ಎಳೆಯುವ ಕೊಕ್ಕೆಯಾಯಿತು.

“ಇದು ಮನೆಯೋ ಗುಜರಿ ಅಂಗಡಿಯೋ?” ಎಂದು ಕಾಜಮ್ಮ ಮೂಗು ಮುರಿದರೆ, “ಗುಜರಿ ಅಂಗಡೀಲಿ ಯಾವ್ದೂ ಕೆಲಸ ಮಾಡಲ್ಲ ಕಣೇ. ಇಲ್ಲಿ ಎಲ್ಲಾ ಮಾಡುತ್ತೆ,” ಎನ್ನುತ್ತಿದ್ದರು.

ಎಲ್ಲಕ್ಕಿಂತ ಅವಳ ಹೊಟ್ಟೆ ಉರಿಸಿದ್ದು ಅಡುಗೆಮನೆಯ ಬಾಗಿಲು. ಚೌಕಟ್ಟು ವಾಲಿತ್ತೋ ನೆಲ ಕುಸಿದಿತ್ತೋ, ಆ ಬಾಗಿಲು ಮುಚ್ಚಿದರೆ ನಿಲ್ಲುತ್ತಿರಲಿಲ್ಲ. ತಾನಾಗಿ ಹಿಂದೆ ಸರಿದು ಬಾಯಿ ಬಿಡುತ್ತಿತ್ತು, ಬೆಕ್ಕು ಒಳಗೆ ನುಗ್ಗಿ ಹಾಲಿಗೆ ಬಾಯಿ ಹಾಕುತ್ತಿತ್ತು. ಅಂಗಡಿಯಿಂದ ಬಾಗಿಲು ಮುಚ್ಚುವ ಯಂತ್ರ ತನ್ನಿ ಎಂದು ಅವಳು ಹೇಳಿದಳು. ಮೇಸ್ತ್ರಿ ಅವಳದೇ ಖಾಲಿ ನೂಲಿನ ರೀಲೊಂದನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದರು. ಅದರ ಮೇಲೆ ದಾರ ಹಾಯಿಸಿ ಒಂದು ತುದಿಯನ್ನು ಬಾಗಿಲಿಗೆ ಕಟ್ಟಿ, ಇನ್ನೊಂದು ತುದಿಗೆ ಮರಳು ತುಂಬಿದ ಬಾಟಲಿ ನೇತುಹಾಕಿದರು. ಬಾಗಿಲು ತೆಗೆದರೆ ಬಾಟಲಿ ಮೇಲೆ ಹೋಗುತ್ತಿತ್ತು, ಬಿಟ್ಟರೆ ಕೆಳಗಿಳಿದು ಬಾಗಿಲನ್ನು ಎಳೆದು ಮುಚ್ಚುತ್ತಿತ್ತು. ಎಷ್ಟು ಮೆಲ್ಲಗೆಂದರೆ, ಮಲಗಿದ ಮಗುವಿನ ಕೋಣೆಯಿಂದ ಯಾರೋ ಹೊರಗೆ ಬಂದ ಹಾಗೆ.

ಬೆಕ್ಕಿನ ಕಾಟ ತಪ್ಪಿತು. ಆದರೆ ಬಂದವರ ಕಣ್ಣೆಲ್ಲ ಆ ಕೊಳಕು ಬಾಟಲಿಯ ಮೇಲೇ. ಕಾಜಮ್ಮನಿಗೆ ತಲೆ ಎತ್ತಲಾಗದ ಹಾಗಾಯಿತು. ಗಿರಾಕಿ ಬಿಟ್ಟುಹೋದ ನೀಲಿ ಗೀಟಿನ ಅಂಗಿಯೊಂದು ಅವಳ ಪೆಟ್ಟಿಗೆಯಲ್ಲಿತ್ತು. ಅದರ ಒಂದು ತೋಳು ಕತ್ತರಿಸಿ ಬಾಟಲಿಗೆ ತೊಡಿಸಿದಳು. ಮುಂಗೈ ಪಟ್ಟಿಯ ಕಾಜಾ ಸಡಿಲವಾಗಿತ್ತು. ನೀಲಿ ನೂಲು ಮುಗಿದಿತ್ತೆಂದು ಕೈಗೆ ಸಿಕ್ಕ ಕೆಂಪು ನೂಲಿನಲ್ಲೇ ಹೊಸದಾಗಿ ಕಟ್ಟಿ ಗುಂಡಿ ಹಾಕಿದಳು. ಅಂತೂ ಮಾನ ಮುಚ್ಚಿತು ಎಂದುಕೊಂಡಳು. ಆಮೇಲೆ ಅದನ್ನು ಮರೆತೇಬಿಟ್ಟಳು.

ಕಾಲ ಹೋಯಿತು. ಮೇಸ್ತ್ರಿ ಡಿಪೋ ಕೆಲಸದಿಂದ ನಿವೃತ್ತರಾದರು. ದರ್ಜಿಗಳು ಕಾಜಾಕ್ಕೂ ಮೆಷಿನ್ ತಂದರು. ಅಷ್ಟು ಹೊತ್ತಿಗೆ ಸೂಜಿಯ ಕಣ್ಣೂ ಅವಳ ಕಣ್ಣಿಗೆ ಮೋಸ ಮಾಡತೊಡಗಿತ್ತು. ಕೆಲಸವಿಲ್ಲದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಲಾರದೆ ಸೊಸೆ ತನ್ನ ಹಳೇ ಫೋನನ್ನು ಅವಳಿಗೆ ಕೊಟ್ಟಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹುಡುಗಿ ಅವಳು. ದಿನವಿಡೀ ನೋವಿನ ಮುಖ ನೋಡಿ ಬರುವುದರಿಂದಲೋ ಏನೋ, ನಗಿಸುವಂಥದ್ದೇ ಅವಳಿಗೆ ಇಷ್ಟ.

“ಅತ್ತೆ, ಇದ್ರಲ್ಲಿ ಲೋಕದಲ್ಲಿರೋ ವಿಚಿತ್ರ ಎಲ್ಲಾ ಬರುತ್ತೆ. ಬೆರಳಲ್ಲಿ ಹೀಗೆ ಮೇಲೆ ತಳ್ಳಿ, ಅಷ್ಟೇ.”

ಕಾಜಮ್ಮ ತಳ್ಳಿದಳು. ಒಂದು ಲೋಟಕ್ಕೆ ಹಿಡಿಕೆ ಒಳಗಡೆ ಇತ್ತು. ಒಂದು ಮೆಟ್ಟಿಲುಸಾಲು ಬಯಲ ನಡುವೆ ಹುಟ್ಟಿ ಬಯಲಲ್ಲೇ ಮುಗಿಯುತ್ತಿತ್ತು. ಒಬ್ಬ ಕನ್ನಡಕದ ಗಾಜಿಗೆ ಬಸ್ಸಿನ ಹಾಗೆ ನೀರೊರೆಸುವ ಕಡ್ಡಿ ಹಾಕಿಕೊಂಡಿದ್ದ. ಒಬ್ಬಳು ಕೋಳಿಗೆ ಸೋಫಾ ಮಾಡಿದ್ದಳು, ಕೋಳಿ ಯಜಮಾನಿಯ ಗತ್ತಿನಲ್ಲಿ ಕೂತಿತ್ತು. ಇಡೀ ಕಾರಿಗೆ ಗುಂಡಿ ಹಚ್ಚಿದ್ದೂ ಬಂತು. ಕಾಜಮ್ಮ ಫೋನನ್ನು ಕಣ್ಣಿನ ಹತ್ತಿರ ತಂದಳು.

“ಮೋಸ! ಹೊಲಿದಿಲ್ಲ, ಅಂಟಿಸಿದ್ದಾರೆ!”

“ಕಾರಿಗೆ ಹೊಲಿಯೋದು ಹೇಗೆ ಅತ್ತೆ?”

“ಹೊಲಿಯಕ್ಕಾಗದ ಮೇಲೆ ಗುಂಡಿ ಯಾಕಮ್ಮಾ? ಯಾರು ಬಿಚ್ಚಬೇಕಿತ್ತು ಅದನ್ನ?”

“ಅದು ಕಲೆ ಅತ್ತೆ.”

“ಯಾವುದು ಕಲೆ, ಯಾವುದು ಕೋತಿಚೇಷ್ಟೆ, ಹೇಗೆ ಗೊತ್ತಾಗುತ್ತೆ?”

ಸೊಸೆ ಯೋಚಿಸಿದಳು. “ನಂಗೂ ಸರಿಯಾಗಿ ಗೊತ್ತಿಲ್ಲ ಅತ್ತೆ,” ಎಂದಳು.

ಅರ್ಥವಾಗದಿದ್ದರೂ ಕಾಜಮ್ಮನಿಗೆ ಅದರ ರುಚಿ ಹತ್ತಿತು. ತಲೆಬುಡ ತಿಳಿಯದ್ದಕ್ಕೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಳು. ಹಾಗೇ ಒಂದು ಮಧ್ಯಾಹ್ನ ಕಿಟಕಿಯ ಕೆಳಗೆ ಕೂತು ತಳ್ಳುತ್ತಿರುವಾಗ ಒಂದು ಚಿತ್ರ ಬಂತು. ಬಾಗಿಲ ಪಕ್ಕದಲ್ಲಿ ಒಂದು ಕೈ ನೇತಾಡುತ್ತಿತ್ತು. ಮೈಯಿಲ್ಲ, ತಲೆಯಿಲ್ಲ, ಪಟ್ಟಿಗೆ ಗುಂಡಿ ಹಾಕಿಕೊಂಡು ಶಿಸ್ತಾಗಿದ್ದ ಬರೀ ಒಂದು ತೋಳು. ಬಾಗಿಲು ಕಾಯಲು ಕೈಯನ್ನು ಮಾತ್ರ ಬಿಟ್ಟು ಮನುಷ್ಯ ಎಲ್ಲಿಗೋ ಹೋಗಿದ್ದಾನೆ! ಕಾಜಮ್ಮನಿಗೆ ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಕಾಜಾ ಅಚ್ಚುಕಟ್ಟಾಗಿದೆಯಲ್ಲ, ಕೈಯಲ್ಲೇ ಮಾಡಿದ್ದು. ಆದರೆ ಯಾವ ಮಂಕು ಹೆಂಗಸು ನೀಲಿ ಬಟ್ಟೆಗೆ ಕೆಂಪು ನೂಲು ಹಾಕಿದಳೋ...

ತಲೆ ಎತ್ತಿ ಅಡುಗೆಮನೆಯ ಕಡೆ ನೋಡಿದಳು. ಕೈ ಅಲ್ಲೇ ನೇತಾಡುತ್ತಿತ್ತು. ಕೆಳಗೆ ಫೋನು ನೋಡಿದಳು, ಅಲ್ಲೂ ನೇತಾಡುತ್ತಿತ್ತು. ತನ್ನ ಮನೆ ಫೋನಿನೊಳಗೆ ಹೋಗಿದ್ದು ಹೇಗೆ, ತಾನು ಈಗ ನಕ್ಕಿದ್ದು ಯಾರನ್ನು, ಒಂದೂ ಬಗೆಹರಿಯಲಿಲ್ಲ.

ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಕಾಜಮ್ಮ ಫೋನು ಮುಂದೆ ಹಿಡಿದಳು.

“ಅಯ್ಯೋ, ನಿಮಗೇ ಬಂತಾ!” ಸೊಸೆಯ ಮುಖ ಅರಳಿತು. “ನಾನೇ ಫೋಟೋ ತೆಗೆದು ಕಳಿಸಿದ್ದು ಅತ್ತೆ. ನೋಡಿ, ಎಷ್ಟೊಂದು ಜನ ಮೆಚ್ಚಿಕೊಂಡಿದ್ದಾರೆ!”

“ಮೆಚ್ಚಿಕೊಂಡಿದ್ದಾರೋ ನಗ್ತಿದ್ದಾರೋ?”

“ಎರಡೂ.”

“ಎರಡೂ ಹೇಗಾಗುತ್ತೆ? ಮನೆ ಮರ್ಯಾದೆ ಬೀದಿಗೆ ಹಾಕಿದ್ಯಲ್ಲೇ ತಾಯೀ!”

ಸೊಸೆಯ ಮುಖ ಬಾಡಿತು. “ಚೆನ್ನಾಗಿದೆ ಅಂತ ಹಾಕಿದ್ದು ಅತ್ತೆ,” ಎಂದಳು ಸಣ್ಣ ದನಿಯಲ್ಲಿ.

“ನಿಮ್ಮ ಮಾವನಿಗೆ ಮಾತ್ರ ಹೇಳ್ಬೇಡ.”

ಕಾಜಮ್ಮನಿಗೆ ತನ್ನ ಮೇಲೇ ಸೋಜಿಗ. ಇಷ್ಟು ವರ್ಷ ಗಂಡನ ಕೈಕೆಲಸ ನೋಡಿ ಹೆಚ್ಚು ನಕ್ಕವಳು ಅವಳೇ. ಈಗ ಊರವರು ನಕ್ಕರೆ ಮೈ ಉರಿಯುವುದೇಕೆ? ಮೇಸ್ತ್ರಿಯ ಕಿವಿಗೆ ಬಿದ್ದರೆ ಅವರು ಹೇಗೆ ತಗೊಂಡಾರು ಎಂಬುದೊಂದೇ ಅವಳ ತಲೆ ತಿನ್ನತೊಡಗಿತು.

ಸುದ್ದಿ ಬಚ್ಚಿಡಲಾಗಲಿಲ್ಲ. ಮೇಸ್ತ್ರಿಯ ಗೆಳೆಯರೊಬ್ಬರು, ಡಿಪೋದಲ್ಲಿ ಕಂಡಕ್ಟರ್ ಆಗಿದ್ದವರು, ಆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಷ್ಟೋ ಸಲ ಚಹಾ ಕುಡಿದಿದ್ದರು. ಅವರಿಗೆ ಆ ತೋಳಿನ ಗುರುತು ಹತ್ತಲು ಎಷ್ಟು ಹೊತ್ತು? ಭಾನುವಾರ ಬೆಳಿಗ್ಗೆ ಸೈಕಲ್ ಬೆಲ್ಲು ಬಾರಿಸಿಕೊಂಡೇ ಒಳಗೆ ಬಂದರು.

“ಏನಯ್ಯಾ ಮೇಸ್ತ್ರಿ! ಲೋಕಕ್ಕೆಲ್ಲ ಕೈ ತೋರಿಸ್ಬಿಟ್ಟೆಯಲ್ಲೋ! ನಮ್ಮ ಮನೇಲಿ ಎಲ್ಲಾ ಬಿದ್ದೂ ಬಿದ್ದೂ ನಕ್ಕರು!”

ಮೇಸ್ತ್ರಿ ಗೆಳೆಯನ ಫೋನನ್ನು ತೋಳುದ್ದ ದೂರ ಹಿಡಿದು ಬಹಳ ಹೊತ್ತು ನೋಡಿದರು. ವಾಪಸು ಕೊಟ್ಟು, “ಚಹಾ ಕೊಡೇ ಇವನಿಗೆ,” ಎಂದರು.

ಮಾರನೇ ದಿನ ಕಾಜಮ್ಮ ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಾಟಲಿ ಇಳಿದಿತ್ತು. ಬಾಗಿಲ ತಲೆಯ ಮೇಲೆ ಅಂಗಡಿಯ ಯಂತ್ರವೊಂದು ಹೊಳೆಯುತ್ತಿತ್ತು. ತೋಳನ್ನು ಮೇಸ್ತ್ರಿ ಮಡಿಸಿ ಅವಳ ಕೈಗಿಟ್ಟರು. “ತಗೋ ನಿನ್ನ ಬಟ್ಟೆ. ನೀನು ಕೇಳ್ತಾ ಇದ್ದದ್ದು ತಂದಿದ್ದೀನಿ.”

ಕೇಳುತ್ತಿದ್ದದ್ದು ನಿಜ. ಸಿಕ್ಕಿದ ಮೇಲೆ ಸಂತೋಷವಾಗಬೇಕಿತ್ತು. ಯಂತ್ರವೋ, ಅವಳು ತಟ್ಟೆ ಹಿಡಿದು ದಾಟುವ ಮುಂಚೆಯೇ ಬೆನ್ನಿಗೆ ಗುದ್ದುತ್ತಿತ್ತು. ಮುಂದೆ ಬೀದಿಬಾಗಿಲಿನ ಬೆಲ್ಲು ಹೋಯಿತು, ಅಟ್ಟದ ಕೊಕ್ಕೆ ಹೋಯಿತು. ಮೇಸ್ತ್ರಿ ಕುರ್ಚಿಯಲ್ಲಿ ಕೂತು ಗೋಡೆ ನೋಡತೊಡಗಿದರು. ಒಗೆಯಲು ಪ್ಯಾಂಟು ತೆಗೆದುಕೊಂಡ ಕಾಜಮ್ಮ ರೂಢಿಯಂತೆ ಜೇಬಿಗೆ ಕೈ ಹಾಕಿದಳು. ಎರಡೂ ಜೇಬು ತಡಕಿದಳು, ತಿರುವಿಹಾಕಿ ನೋಡಿದಳು. ತಂತಿ ಇರಲಿಲ್ಲ. ಬೆರಳು ಗೀರದಿದ್ದರೂ ಏನೋ ಚುಚ್ಚಿದಂತಾಗಿ ಬಚ್ಚಲುಮನೆಯಲ್ಲೇ ಕೂತುಬಿಟ್ಟಳು.

ಆ ಸಂಜೆ ಸೊಸೆಯನ್ನು ಪಕ್ಕಕ್ಕೆ ಕರೆದಳು. “ಜನ ಏನೇನು ಬರೆದಿದ್ದಾರೆ, ಎಲ್ಲಾ ಓದು. ಕೆಟ್ಟದ್ದನ್ನೂ ಓದು.”

ಸೊಸೆ ಓದಿದಳು. “ಈ ಕೈಗೆ ಸಂಬಳ ಕೊಡ್ತಾರಾ? ಅಂತ ಒಬ್ರು. ಕೈ ಕುಲುಕಿ ಒಳಗೆ ಹೋಗ್ಬೇಕಾ? ಅಂತ ಇನ್ನೊಬ್ರು. ಕೆಂಪು ಕಾಜಾ ನೋಡಿ ಎಷ್ಟು ಮುದ್ದಾಗಿದೆ, ಅಂತೆ. ಈ ಮನೇಲಿ ಎಲ್ರಿಗೂ ತಲೆ ಕೆಟ್ಟಿದೆ, ಅಂತೆ. ಇದನ್ನ ಮಾಡಿದವರು ದೊಡ್ಡ ಕಲಾವಿದರು, ಅಂತೆ...”

“ತಡಿ. ಬಾಟಲಿ ವಿಷಯ ಯಾರು ಬರೆದಿದ್ದಾರೆ?”

ಸೊಸೆ ಮೇಲಿಂದ ಕೆಳಗೆ ಹುಡುಕಿದಳು. “ಒಳಗೆ ಬಾಟಲಿ ಇದೆ ಅಂತ್ಲೇ ಯಾರಿಗೂ ಗೊತ್ತಿಲ್ಲ ಅತ್ತೆ. ಎಲ್ಲಾ ತೋಳಿನ ಮಾತೇ.”

ಮಾನ ಮುಚ್ಚಲು ತಾನು ತೊಡಿಸಿದ್ದೇ ಮಾನ ತೆಗೆಯಿತು. ಅದನ್ನೇ ಮುದ್ದು ಎನ್ನುವವರೂ ಇದ್ದಾರೆ. ಕಲೆ ಅಂತೆ. ಹಾಗಾದರೆ ಗುಂಡಿ ಅಂಟಿಸಿದ ಕಾರಿನವನೂ ತಾನೂ ಒಂದೇ ಜಾತಿಯೇ? ಏನೂ ತಿಳಿಯಲಿಲ್ಲ. ಒಂದು ಮಾತ್ರ ಸ್ಪಷ್ಟವಾಯಿತು: ತನ್ನ ತೋಳಿಗೆ ಬಂದ ನಗೆಯನ್ನು ಗಂಡ ತಮ್ಮ ಬಾಟಲಿಯದೆಂದು ಹೊತ್ತುಕೊಂಡಿದ್ದಾರೆ.

ಇದನ್ನು ಅವರಿಗೆ ಹೇಗೆ ಹೇಳುವುದು? ಹಾಗೆ ಎದುರು ಕೂತು ಮನಸ್ಸು ಬಿಚ್ಚುವ ಅಭ್ಯಾಸ ಆ ಮನೆಯಲ್ಲಿ ಇಬ್ಬರಿಗೂ ಇರಲಿಲ್ಲ. ಮಾರನೇ ಬೆಳಿಗ್ಗೆ ಮೇಸ್ತ್ರಿ ಕ್ಷೌರಕ್ಕೆ ಹೋದಾಗ ಕಾಜಮ್ಮ ಮಂಚದ ಕೆಳಗಿಂದ ಬಾಟಲಿ ಎಳೆದಳು. ಮರಳು ಚೆಲ್ಲಿಬಿಟ್ಟಿದ್ದರು, ನೀರು ತುಂಬಿಸಿದಳು. ತೋಳು ತೊಡಿಸಿ ಗುಂಡಿ ಹಾಕಿದಳು. ಸ್ಟೂಲು ಹತ್ತಿ, ಇನ್ನೂ ಮೊಳೆಯಲ್ಲೇ ಇದ್ದ ರೀಲಿನ ಮೇಲೆ ಗುಂಡಿ ನೂಲನ್ನೇ ನಾಲ್ಕು ಎಳೆ ಮಾಡಿ ಹಾಯಿಸಿ ಬಾಗಿಲಿಗೆ ಬಿಗಿದಳು. ಅಂಗಡಿಯ ಯಂತ್ರ ಬಿಚ್ಚಲು ಬರಲಿಲ್ಲ, ಅದು ಇದ್ದಲ್ಲೇ ಇತ್ತು.

ಯಂತ್ರವೂ ಎಳೆಯಿತು, ಬಾಟಲಿಯೂ ಎಳೆಯಿತು. ಬಾಗಿಲು ಗುಂಡು ಹೊಡೆದ ಹಾಗೆ ಮುಚ್ಚಿಕೊಂಡಿತು. ಗಾಬರಿಯಾಗಿ ತೆಗೆಯಲು ಹೋದರೆ ಬಾಟಲಿ ಜೋಲಿ ಹೊಡೆದು ಭುಜಕ್ಕೆ ಬಡಿಯಿತು. ಮುಚ್ಚಳ ಸಡಿಲವಿತ್ತು, ತೋಳಿನಿಂದ ನೀರು ಇಳಿಯತೊಡಗಿತು. ಕಾಜಮ್ಮ ಅರ್ಧ ಒಳಗೆ ಅರ್ಧ ಹೊರಗೆ, ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು, ಇನ್ನೊಂದರಲ್ಲಿ ಆ ಒದ್ದೆ ಕೈಯನ್ನು ಹಿಡಿದುಕೊಂಡು ನಿಂತಳು. ಬಿಟ್ಟರೆ ಏನಾಗುತ್ತದೋ ತಿಳಿಯದು.

ಆ ಹೊತ್ತಿಗೇ ಮೇಸ್ತ್ರಿ ಬಂದರು. ನುಣ್ಣಗೆ ಬೋಳಿಸಿದ ಗಲ್ಲ ಸವರುತ್ತ ನೋಡಿದರು.

“ಏನೇ ಇದು? ಯಾರ ಕೈ ಹಿಡ್ಕೊಂಡು ನಿಂತಿದ್ದೀಯ?”

“ಅಲ್ಲೇ ನಿಂತು ನೋಡ್ತೀರೇನ್ರೀ? ಬಿಡಿಸಿ ಮೊದಲು!”

“ಕಟ್ಟಿದ್ದು ಯಾರು?”

“ಬೆಕ್ಕು!”

ಮೇಸ್ತ್ರಿಯ ಹೊಟ್ಟೆ ಕುಲುಕಿತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಗೋಡೆಗೆ ಒರಗಿ, ಕೆಮ್ಮು ಬರುವ ತನಕ ನಕ್ಕರು. “ಇದನ್ನ ಯಾರಾದ್ರೂ ಫೋಟೋ ತೆಗೆದ್ರೆ ನನ್ನ ಮಾನ ಹೋಗುತ್ತೆ ಕಣೇ! ಬಾಗಿಲಿಗೆ ಗುಂಡಿ ನೂಲು ಕಟ್ಟಿದ್ದಾಳಲ್ಲಪ್ಪಾ!”

ಬಿಡಿಸಿಕೊಂಡ ಮೇಲೆ ಕಾಜಮ್ಮ ಒದ್ದೆ ತೋಳನ್ನು ಹಿಂಡುತ್ತ, ಅವರ ಮುಖ ನೋಡದೆ ಹೇಳಿದಳು: “ಜನ ನಕ್ಕಿದ್ದು ನಿಮ್ಮ ಬಾಟಲಿಗಲ್ಲ ರೀ. ಅದು ಅವರಿಗೆ ಕಂಡೇ ಇಲ್ಲ. ನಕ್ಕಿದ್ದೆಲ್ಲ ನನ್ನ ತೋಳಿಗೆ.”

“ಅಂದ್ರೆ?”

“ಕಲೆ ಅಂತಾರೆ, ಹುಚ್ಚು ಅಂತಾರೆ, ಮುದ್ದು ಅಂತಾರೆ. ನಂಗೇನು ಗೊತ್ತು! ನಾನೂ ನಕ್ಕೆ, ನಮ್ಮನೇದು ಅಂತ ಗೊತ್ತಾಗೋ ಮುಂಚೆ.”

“ಗೊತ್ತಾದ ಮೇಲೆ?”

“ಅಳು ಬಂತು. ಯಾಕೆ ಅಂತ ಕೇಳ್ಬೇಡಿ.”

ಮೇಸ್ತ್ರಿ ಸ್ಟೂಲು ಹತ್ತಿ ಅವಳು ಹಾಕಿದ ಗಂಟನ್ನು ನೋಡಿ ಲೊಚಗುಟ್ಟಿದರು. ಇಳಿದು ಹೋಗಿ ಚಿಕ್ಕ ಸ್ಕ್ರೂಡ್ರೈವರ್ ಹುಡುಕಿ ತಂದು ಅಂಗಡಿಯ ಯಂತ್ರವನ್ನು ಒಂದೊಂದೇ ತಿರುಪು ಬಿಚ್ಚಿ ಕೆಳಗಿಳಿಸಿದರು. ಬಾಗಿಲು ತನ್ನ ಹಳೇ ಚಾಳಿಯಂತೆ ಮೆಲ್ಲಗೆ ಬಾಯಿ ಬಿಟ್ಟಿತು. ಎಲ್ಲಿತ್ತೋ ಬೆಕ್ಕು, ಒಳಗೆ ಇಣುಕಿತು.

“ಮರಳು ಬೇಕು,” ಎಂದರು ಮೇಸ್ತ್ರಿ, ತಮಗೇ ಹೇಳಿಕೊಳ್ಳುವಂತೆ. ಆಮೇಲೆ ಬಚ್ಚಲುಮನೆಯ ಬಾಗಿಲ ಕಡೆ ತಿರುಗಿ ಅದನ್ನು ಮೇಲಿಂದ ಕೆಳಗೆ ಅಳೆಯುವಂತೆ ನೋಡಿದರು. “ಲೇ ಇವಳೇ, ಆ ಅಂಗೀದು ಇನ್ನೊಂದು ತೋಳು ಎಲ್ಲಿಟ್ಟಿದ್ದೀಯ?”

“ಯಾಕೆ?”

“ಯಾಕೆ ಅಂದ್ರೆ? ಅದಕ್ಕೊಂದು ಕೈ ಇದ್ದು ಇದಕ್ಕಿಲ್ಲದೆ ಹೋದ್ರೆ ಚೆನ್ನಾಗಿರುತ್ತಾ?” ಎಂದವರು ಪ್ಯಾಂಟಿನ ಎಡಜೇಬು ತಡಕಿದರು, ಬಲಜೇಬು ತಡಕಿದರು. “ನನ್ನ ತಂತಿ ಎಲ್ಲೇ?”

ಕೆಂಪು ನೂಲು ಉಳಿದಿದೆಯೋ ಇಲ್ಲವೋ ಎಂದು ಆಗಲೇ ಪೆಟ್ಟಿಗೆಯ ಕಡೆ ಹೊರಟಿದ್ದ ಕಾಜಮ್ಮ ನಡುಮನೆಯಲ್ಲಿ ನಿಂತಳು. ಮೊದಲು ತೋಳು ಹುಡುಕಬೇಕೋ, ತಂತಿ ಹುಡುಕಬೇಕೋ, ಬೆಕ್ಕನ್ನು ಓಡಿಸಬೇಕೋ ಅವಳಿಗೆ ತಿಳಿಯಲಿಲ್ಲ.