ಎರಡು ಬೆರಳು ಹೆಚ್ಚಾದ ಕಪಾಟು

ಮೇಷ್ಟ್ರು ಹಳೆಯ ಪ್ಯಾಂಟಿನ ಸೊಂಟ ಸಡಿಲಿಸಿಕೊಳ್ಳಲು ಮೊದಲ ಸಲ ದರ್ಜಿಯ ಮನೆಗೆ ಹೋದ ದಿನ, ದರ್ಜಿ ಹೊಲಿಗೆ ಯಂತ್ರದ ಮುಂದಿರಲಿಲ್ಲ. ಹಿತ್ತಿಲಲ್ಲಿ ಹಲಗೆಯೊಂದನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಗರಗಸ ಎಳೆಯುತ್ತಿದ್ದರು. ಮೂವತ್ತೈದು ವರ್ಷ ಬಗ್ಗಿ ಹೊಲಿದ ಮೈ. ನಾಲ್ಕು ಸಲ ಎಳೆದರೆ ಐದನೆಯದಕ್ಕೆ ಉಸಿರು ಸಾಲದು. ಪ್ಯಾಂಟನ್ನು ತಿರುವಿ ನೋಡಿ, "ಹೊಲಿಗೆಯ ಒಳಗೆ ಹೆಚ್ಚು ಬಟ್ಟೆ ಬಿಟ್ಟಿದ್ದಾನೆ ಮೇಷ್ಟ್ರೇ, ಹೊಲಿದವನು ಪುಣ್ಯಾತ್ಮ. ಭಾನುವಾರ ಕಳೀಲಿ, ಮಾಡಿಕೊಡ್ತೀನಿ" ಎಂದು ಮತ್ತೆ ಹಲಗೆಯತ್ತ ಹೊರಳಿದರು.

ಆ ಭಾನುವಾರದ ಗಡುವು ಅವರದಲ್ಲ, ಹೆಂಡತಿಯ ಅಕ್ಕನದು. ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮೇಲೆ ಹೆಂಡತಿ ಬಗ್ಗುವಂತಿರಲಿಲ್ಲ. ಅಡುಗೆಮನೆಯ ಡಬ್ಬಿಗಳೆಲ್ಲ ನೆಲದ ಮೇಲೆ. ಚಿಟಿಕೆ ಉಪ್ಪು ಬೇಕಾದರೂ ಗಂಡನನ್ನು ಕೂಗಬೇಕು. ಕೂಗಿ ಕೂಗಿ ಅವರಿಗೆ ಸಂಕೋಚ, ಎದ್ದು ಎದ್ದು ಇವರಿಗೆ ಸುಸ್ತು. ಅಕ್ಕನ ಮನೆಯಲ್ಲಿ ಎಲ್ಲವೂ ಕೈಗೆಟುಕುವಂತಿತ್ತು. ಭಾನುವಾರ ಬಂದು ಕರೆದೊಯ್ಯುತ್ತೇನೆ, ತಂಗಿ ಇನ್ನು ನಮ್ಮಲ್ಲೇ ಇರಲಿ ಎಂದು ಆಕೆ ಹೇಳಿಕಳಿಸಿದ್ದರು. ಹೆಂಡತಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೈಗೆಟುಕುವ ಎತ್ತರಕ್ಕೆ ಕಪಾಟೊಂದು ಮಾಡಿಕೊಡು ಎಂದು ಬಡಗಿಯನ್ನು ಕೇಳಿದರೆ ಮುಂದಿನ ತಿಂಗಳು ನೋಡೋಣ ಎಂದ. ದರ್ಜಿ ತಾವೇ ಗರಗಸ ಹಿಡಿದರು.

ಹೆಂಡತಿಯನ್ನು ನಿಲ್ಲಿಸಿ ಸೊಂಟದೆತ್ತರ, ಕಣ್ಣೆತ್ತರ ಅಳೆದರು. ಗೋಡೆಗೂ ಬಾಗಿಲ ಚೌಕಟ್ಟಿಗೂ ನಡುವಿನ ಜಾಗ ಅಳೆದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದುಕೊಂಡರು. ನಿಲುವಿನ ಹಲಗೆಗಳನ್ನು ಮರದಂಗಡಿಯವನೇ ಕೊಯ್ದು ಕೊಟ್ಟಿದ್ದ. ಅಡ್ಡ ಹಲಗೆಗಳನ್ನು ಇವರು ಕೊಯ್ದರು. ಮೊಳೆ ಹೊಡೆದು, ಉಜ್ಜಿ, ವಾರ್ನಿಷ್ ಬಳಿದರು.

ಶನಿವಾರ ಬೆಳಿಗ್ಗೆ ಒಣಗಿದ ಕಪಾಟನ್ನು ಎಳೆದು ತಂದರೆ, ಅದು ಜಾಗದಲ್ಲಿ ಕೂರಲಿಲ್ಲ. ಎರಡು ಬೆರಳು ಅಗಲ ಹೆಚ್ಚು. ಪುಸ್ತಕದ ಅಳತೆ ಸರಿಯಾಗಿಯೇ ಇತ್ತು. ಹಲಗೆಯ ಮೇಲೆ ಗೆರೆ ಎಳೆಯುವಾಗ ಕೈ ತನ್ನಷ್ಟಕ್ಕೆ ತಾನೇ, ಬಟ್ಟೆಗೆ ಬಿಡುವ ಹಾಗೆ, ಹೊಲಿಗೆಗೆಂದು ಎರಡೂ ಕಡೆ ಒಂದೊಂದು ಬೆರಳು ಬಿಟ್ಟಿತ್ತು.

ದರ್ಜಿ ಅಲ್ಲೇ ನೆಲದ ಮೇಲೆ ಕೂತರು. ಹೆಂಡತಿ ಗೋಡೆ ಹಿಡಿದುಕೊಂಡು ಬಂದು ನೋಡಿದರು.

"ಯಾಕ್ರೀ, ಗೋಡೆ ಮುಂದಿನ ವರ್ಷ ಬೆಳೆಯುತ್ತೆ ಅಂತ ಬಿಟ್ಟಿದ್ದೀರಾ?"

"ನಗಬೇಡ. ಬಟ್ಟೆಯಾಗಿದ್ರೆ ಒಳಕ್ಕೆ ಮಡಚಿಬಿಡ್ತಿದ್ದೆ. ಇನ್ನು ನನ್ನ ಕೈಲಾಗಲ್ಲ ಕಣೇ. ನೀನು ಅಕ್ಕನ ಮನೆಗೆ ಹೋಗು, ಅಲ್ಲಾದ್ರೂ ಆರಾಮಾಗಿರು."

ಹೆಂಡತಿ ಕೈ ಚಾಚಿದರು. "ಸೀಮೆಸುಣ್ಣ ಕೊಡಿ ಇಲ್ಲಿ. ದೊಡ್ಡದಾಗಿದೆ ತಾನೆ? ಚಿಕ್ಕದಾಗಿದ್ರೆ ಅಳಬೇಕಿತ್ತು. ನೀವು ಬಿಚ್ಚಿ, ಗೆರೆ ನಾನು ಹಾಕ್ತೀನಿ. ನಿಮ್ಮ ಕೈ ನಂಬೋ ಹಾಗಿಲ್ಲ."

ದರ್ಜಿ ತಪ್ಪು ಹೊಲಿಗೆ ಬಿಚ್ಚುವವರಂತೆ ಒಂದು ಬದಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಲಗೆಗಳನ್ನಿಟ್ಟರೆ, ಹೆಂಡತಿ ನಿಂತಲ್ಲೇ ಗೆರೆ ಎಳೆದರು. ಇವರು ಗೆರೆಯ ಮೇಲೇ ಕೊಯ್ದರು, ನಡುನಡುವೆ ಗೋಡೆಗೊರಗಿ. ಸಂಜೆಗೆ ಕಪಾಟು ತನ್ನ ಜಾಗದಲ್ಲಿ ನಿಂತಿತು.

ಭಾನುವಾರ ಅಕ್ಕ ಬಂದರು. ತಂಗಿ ಯಾರನ್ನೂ ಕೂಗದೆ ಕೈಯೆತ್ತಿ ಸಕ್ಕರೆ ಡಬ್ಬಿ ಇಳಿಸಿ ಚಹಾ ಮಾಡಿದರು. ಅಕ್ಕ ಕಪಾಟನ್ನು ಒಮ್ಮೆ ಅಲುಗಿಸಿ ನೋಡಿದರು, ಇದೊಂದು ಅಂಚಿಗೆ ಬಣ್ಣವೇ ಇಲ್ಲವಲ್ಲ ಎಂದರು, ಚಹಾ ಕುಡಿದು ಒಬ್ಬರೇ ಹಿಂತಿರುಗಿದರು.

ಆ ಅಂಚಿಗೆ ಇನ್ನೂ ಬಣ್ಣ ಬಿದ್ದಿಲ್ಲ. ಕೊಯ್ದು ಮಿಕ್ಕ ತುಂಡೊಂದು ಹೊಲಿಗೆ ಯಂತ್ರದ ಅಲುಗುವ ಕಾಲಿನಡಿ ಕೂತಿದೆ. ದರ್ಜಿ ಈಗ ಹೊಸ ಬಟ್ಟೆ ಹಿಡಿಯುವುದಿಲ್ಲ. ಕಣ್ಣು ಸೋತಿದೆ; ಮೇಷ್ಟ್ರ ಪ್ಯಾಂಟಿಗೆ ಮಾಡಿದಂತೆ ಸಡಿಲಿಸುವುದು, ಬಿಗಿ ಮಾಡುವುದು ಅಷ್ಟೇ. ಒಳಗಿನಿಂದ ಕೂಗು ಬರುವುದಿಲ್ಲ. ಆದರೂ ಡಬ್ಬಿಯ ಸದ್ದಾದರೆ ಅವರ ಕಾಲು ಯಂತ್ರದ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಮುಚ್ಚಳ ಹಾಕಿದ ಸದ್ದು ಕೇಳಿಸಿದ ಮೇಲೆ ಮತ್ತೆ ತುಳಿಯುತ್ತಾರೆ.