ಇನ್ನಂಜೆಯ ಹಸಿರು ಚುಕ್ಕಿ

ಆಗ ನಾನು ಮಣಿಪಾಲದಲ್ಲಿ ಕೋಣೆ ಮಾಡಿಕೊಂಡಿದ್ದೆ. ಅಲ್ಲಿಯ ಕಂಪ್ಯೂಟರನ್ನು ನಮ್ಮೂರು ಇನ್ನಂಜೆಯ ಮನೆಯ ಕಂಪ್ಯೂಟರಿಗೆ ಇಂಟರ್ನೆಟ್ ಮೂಲಕ ಜೋಡಿಸುವ ವಿಪಿಎನ್ ಸಾಫ್ಟ್‌ವೇರನ್ನು ಎರಡೂ ಕಡೆ ಹಾಕಿದ್ದೆ. ಬಹಳ ಸುಲಭ, ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಟ್ಟರೆ ಆಯಿತು. ಮನೆಯದು ಸಿಕ್ಕಿದರೆ ಪರದೆಯಲ್ಲಿ ಹಸಿರು ಚುಕ್ಕಿ ಬರುತ್ತಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಚುಕ್ಕಿ ಹತ್ತು ನಿಮಿಷ ಇದ್ದು ಬೂದಿ ಬಣ್ಣಕ್ಕೆ ತಿರುಗಿತು. ಸಾಫ್ಟ್‌ವೇರನ್ನು ಎರಡು ಸಲ ತೆಗೆದು ಮತ್ತೆ ಹಾಕಿದೆ, ಅದನ್ನು ಮಾಡಿದವರನ್ನು ಬೈದೆ. ಮನೆಗೆ ಫೋನ್ ಮಾಡಿದರೆ ಬರೀ ರಿಂಗಾಗುತ್ತಿತ್ತು. ಕೂತಲ್ಲಿ ಕೂರಲಾಗದೆ ಬಸ್ಸು ಹತ್ತಿದೆ, ಉಡುಪಿಯಲ್ಲಿ ಇಳಿದು ಕಾಪುವಿನ ಬಸ್ಸು ಹಿಡಿದೆ.

ಇನ್ನಂಜೆ ಮುಟ್ಟಿ ಮನೆಯೊಳಗೆ ಹೋದರೆ ಅಕ್ಕ ಕಂಪ್ಯೂಟರಿಗೆ ಬೆಡ್‌ಶೀಟ್ ಹೊದೆಸಿದ್ದಳು. ಟಿವಿ, ಫೋನು, ಮೋಡೆಮ್ಮಿನ ವಯರುಗಳೆಲ್ಲ ನೆಲದ ಮೇಲಿದ್ದವು.

"ಗುಡುಗಿತಲ್ವಾ, ಎಲ್ಲ ತೆಗೆದಿಟ್ಟೆ," ಎಂದಳು.

ಸಿಡಿಲಿಗೆ ಸುಟ್ಟುಹೋಗಬಾರದೆಂದು, ಗುಡುಗು ಕೇಳಿದರೆ ನಮ್ಮಲ್ಲಿ ಮೊದಲು ಮಾಡುವ ಕೆಲಸವೇ ಅದು. ನನಗೆ ನೆನಪೇ ಆಗಿರಲಿಲ್ಲ. ನಾನು ರೇಗುವ ಮೊದಲೇ ಅವಳು ಕೇಳಿದಳು, "ಹೊರಡುವಾಗ ನಿನ್ನ ಕೋಣೆಯದ್ದನ್ನು ತೆಗೆದಿದ್ದೀಯಲ್ವಾ?"

ಮಣಿಪಾಲದ ಕಡೆ ಆಕಾಶ ಕಪ್ಪಾಗಿತ್ತು. ಹಸಿರು ಚುಕ್ಕಿ ಮತ್ತೆ ಬಂದೀತೆಂದು ನಾನು ಎಲ್ಲವನ್ನೂ ಆನ್ ಮಾಡಿಯೇ ಬಂದಿದ್ದೆ.